ಚಂದ್ರನ ಮೇಲೆ ಊರು ಯಾಕೆ ಬೇಕು?

ಕೇಳುಗರೇ, ನಮಸ್ಕಾರ.

ಚಳ್ಳಕೆರೆ ಕಡೆಯವರಿಗೆ ಉಳ್ಳಾರ್ತಿ ಕಾವಲು ಗೊತ್ತು. ಚಂದ್ರಯಾನದ ಲ್ಯಾಂಡರ್ ಹೊರಡುವ ಮೊದಲು ಇಸ್ರೊದವರು ಅಲ್ಲಿ ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿ ಪರೀಕ್ಷೆ ಮಾಡಿದ್ದರು. ಆಗಲೂ ಈಗಲೂ ನಮ್ಮ ಜನ ಕೇಳುವ ಪ್ರಶ್ನೆ ಒಂದೇ. ಇಲ್ಲಿ ಬೋರ್‌ವೆಲ್ ಬತ್ತಿದೆ, ಬಂದ ನೀರಲ್ಲಿ ಫ್ಲೋರೈಡ್ ಇದೆ, ಚಂದ್ರನ ಮೇಲೆ ಊರು ಕಟ್ಟೋದು ಯಾತಕ್ಕೆ? ನ್ಯಾಯವಾದ ಪ್ರಶ್ನೆ. ನೀರಿನ ಸಲುವಾಗಿಯೇ ಕಟ್ಟಬೇಕು ಅನ್ನುವುದು ನನ್ನ ಉತ್ತರ.

ದುರ್ಗದ ಕೋಟೆ ನೋಡಿದ್ದೀರಲ್ವಾ? ಎಲ್ಲಿ ನೋಡಿದರೂ ಬಂಡೆ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಆಮೇಲೆ ಸಂತೆ ಹೊಂಡ. ಮುತ್ತಿಗೆ ಬಿದ್ದರೆ ಹೊರಗಿಂದ ಒಂದು ಕೊಡ ನೀರೂ ಬರುವಂತಿರಲಿಲ್ಲ. ಅದಕ್ಕೇ ಅಷ್ಟು ಚೊಕ್ಕವಾಗಿ ಲೆಕ್ಕ ಹಾಕಿದರು. ನಮಗೆ ಟ್ಯಾಂಕರ್ ಇದೆ, ಇನ್ನಷ್ಟು ಅಡಿ ಕೊರೆಸುವ ದಾರಿಯಿದೆ. ದಾರಿ ಇರುವ ತನಕ, ಬಳಸಿದ ನೀರನ್ನೇ ಮತ್ತೆ ಬಳಸುವ ಕೆಲಸ ನಾಳೆಗೆ ಬೀಳುತ್ತದೆ. ಚಂದ್ರನಿಗೆ ಟ್ಯಾಂಕರ್ ಹೋಗುವುದಿಲ್ಲ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ನೋಡಿ. ಒಂದು ಲೀಟರ್ ನೀರು ಅಲ್ಲಿಗೆ ಮುಟ್ಟಿಸಲು ಲಕ್ಷಗಟ್ಟಲೆ ರೂಪಾಯಿ ಬೇಕು. ಹಾಗಾಗಿ ಉಸಿರಿನ ತೇವ, ಬೆವರು, ಮೂತ್ರ ಎಲ್ಲವನ್ನೂ ಶುದ್ಧ ಮಾಡಿ ಕುಡಿಯುತ್ತಾರೆ. ಮೂತ್ರವನ್ನು ಭಟ್ಟಿ ಇಳಿಸಿದ ಮೇಲೆ ಕೊನೆಗೆ ಗಟ್ಟಿ ಉಪ್ಪುನೀರು ಉಳಿಯುತ್ತದೆ. ಮೊದಲೆಲ್ಲ ಅದನ್ನು ಬಿಸಾಡುತ್ತಿದ್ದರು. ಈಗ ಅದರ ಮೇಲೆ ಬೆಚ್ಚಗಿನ ಒಣ ಗಾಳಿ ಹಾಯಿಸಿ, ಉಳಿದ ತೇವವನ್ನೂ ಹಿಡಿಯುತ್ತಾರೆ. 2023ರಲ್ಲಿ ಹೀಗೆ ಶೇಕಡಾ 98ರಷ್ಟು ನೀರು ವಾಪಸ್ ಸಿಕ್ಕಿತು. ಇನ್ನು ನಮ್ಮ ಹಳ್ಳಿಯ ಶುದ್ಧ ನೀರಿನ ಘಟಕ ನೆನೆಸಿಕೊಳ್ಳಿ. ಫ್ಲೋರೈಡ್ ತೆಗೆದ ಮೇಲೆ ಉಳಿಯುವ ನೀರು ಸೀದಾ ಚರಂಡಿಗೆ. ಎರಡೂ ಕಡೆ ತೊಡಕು ಒಂದೇ. ಅಲ್ಲಿ ಬಗೆಹರಿದದ್ದು, ಅಗ್ಗವಾದರೆ, ಇಲ್ಲಿಗೂ ಬರುತ್ತದೆ.

ನಿಲ್ದಾಣ ನೆಲದಿಂದ ಸುಮಾರು 400 ಕಿಲೋಮೀಟರ್ ಮೇಲಷ್ಟೇ ಇದೆ. ಕಡಿಮೆ ಬಿದ್ದದ್ದನ್ನು ಇಲ್ಲಿಂದ ಕಳಿಸಬಹುದು. ಚಂದ್ರನ ಮೇಲಿನ ಊರಿಗೆ ಆ ಅನುಕೂಲ ಕಡಿಮೆ, ಮಂಗಳಕ್ಕಂತೂ ಇಲ್ಲವೇ ಇಲ್ಲ. ಮಂಗಳಕ್ಕೆ ಹೋಗಲು ಒಳ್ಳೆಯ ಸಮಯ 26 ತಿಂಗಳಿಗೊಮ್ಮೆ ಬರುತ್ತದೆ. ಅದಕ್ಕೇ ಮೊದಲು ಚಂದ್ರನೇ ಸರಿ ಅಂತೀನಿ, ಮೂರ್ನಾಲ್ಕು ದಿನದ ದಾರಿ.

ಅಲ್ಲಿ ಮನೆ ಹೇಗಿರಬೇಕು? 2023ರ ಆಗಸ್ಟ್ 23ರಂದು ಇಳಿದ ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಮಣ್ಣಿಗೊಂದು ಕಡ್ಡಿ ಚುಚ್ಚಿ ಬಿಸಿ ಅಳೆಯಿತು. ಮೇಲ್ಗಡೆ 50 ಡಿಗ್ರಿ ದಾಟಿತ್ತು. ಎಂಟು ಸೆಂಟಿಮೀಟರ್ ಕೆಳಗೆ ಸೊನ್ನೆಗಿಂತ 10 ಡಿಗ್ರಿ ಕಡಿಮೆ! ಅಂದರೆ ಅಲ್ಲಿನ ಮಣ್ಣು ಬಿಸಿಯನ್ನು ಒಳಗೆ ಬಿಡುವುದೇ ಇಲ್ಲ. ಆ ಮಣ್ಣನ್ನೇ ದಪ್ಪವಾಗಿ ಹೊದ್ದ ಮನೆಗೆ ಬಿಸಿಲು, ವಿಕಿರಣ ಎರಡರಿಂದಲೂ ರಕ್ಷಣೆ. ಇಟ್ಟಿಗೆಗೂ ದಾರಿ ಹುಡುಕುತ್ತಿದ್ದಾರೆ. ಚಂದ್ರನ ಮಣ್ಣಿನಂಥ ಪುಡಿಗೆ ಯೂರಿಯಾ, ಗೋರಿಕಾಯಿ ಜಾತಿಯ ಬೀಜದ ಅಂಟು, ಬ್ಯಾಕ್ಟೀರಿಯಾ ಸೇರಿಸಿ ಭಾರತೀಯ ವಿಜ್ಞಾನ ಸಂಸ್ಥೆಯವರು ಇಟ್ಟಿಗೆ ಮಾಡಿದ್ದಾರೆ. ಊಟದ ವಿಷಯಕ್ಕೆ ಬಂದರೆ, 2025ರಲ್ಲಿ ಶುಭಾಂಶು ಶುಕ್ಲಾ ನಿಲ್ದಾಣದಲ್ಲಿ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸಿದರು. ಆ ಪ್ರಯೋಗ ನಮ್ಮ ಧಾರವಾಡದ್ದು.

ಕಷ್ಟಗಳು ಸಣ್ಣವಲ್ಲ. ಚಂದ್ರನ ಒಂದು ರಾತ್ರಿ ಅಂದರೆ ನಮ್ಮ ಹದಿನಾಲ್ಕು ದಿನ. ಅಷ್ಟು ದಿನ ಸೋಲಾರ್ ಕೆಲಸಕ್ಕೆ ಬರುವುದಿಲ್ಲ. ವಿಕ್ರಮ್ ಕೂಡ ಆ ಚಳಿಯ ನಂತರ ಮತ್ತೆ ಎಚ್ಚರವಾಗಲಿಲ್ಲ.

2040ರ ಹೊತ್ತಿಗೆ ಭಾರತೀಯರನ್ನು ಚಂದ್ರನ ಮೇಲೆ ಇಳಿಸುವ ಗುರಿ ನಮ್ಮ ದೇಶಕ್ಕಿದೆ. ಅದಕ್ಕೂ ಮೊದಲು ಜಪಾನ್ ಜೊತೆಗೂಡಿ ಚಂದ್ರಯಾನ-5 ಹೋಗಬೇಕಿದೆ. ದಕ್ಷಿಣ ಧ್ರುವದ ಹತ್ತಿರ ನೀರು, ಅಂದರೆ ಮಣ್ಣಲ್ಲಿರುವ ಮಂಜುಗಡ್ಡೆ, ಹುಡುಕುವುದು ಅದರ ಕೆಲಸ. ಆ ಸುದ್ದಿ ಬಂದ ದಿನ ಎರಡು ಸಂಖ್ಯೆಗಳನ್ನು ಗಮನವಿಟ್ಟು ಕೇಳಿ: ಮಂಜುಗಡ್ಡೆ ಎಷ್ಟು ಆಳದಲ್ಲಿದೆ, ಒಂದು ಬುಟ್ಟಿ ಮಣ್ಣಿಗೆ ಎಷ್ಟು ನೀರು ಸಿಗುತ್ತದೆ. ಊರು ಎಲ್ಲಿ, ಎಷ್ಟು ಜನಕ್ಕೆ ಅನ್ನುವುದು ಅದರ ಮೇಲೆ ನಿಂತಿದೆ.