ಜೆಕ್ ದೇಶದಲ್ಲಿ ಇಷ್ಟೊಂದು ‘ಲ್ಹೊತಾ’ ಯಾಕೆ?

[ತೆರೆಯ ಮೇಲೆ: ಜೆಕ್ ಗಣರಾಜ್ಯದ ನಕ್ಷೆ]

ನಮಸ್ಕಾರ. ಈ ನಕ್ಷೆಯಲ್ಲಿ ಲ್ಹೊತಾ ಅನ್ನುವ ಊರು ಹುಡುಕಿ. ಸಿಕ್ಕಿತಾ? ಸ್ವಲ್ಪ ಆಚೆ ನೋಡಿ, ಇನ್ನೊಂದು ಇದೆ. ಇಡೀ ದೇಶದಲ್ಲಿ ಹೀಗೆ ನೂರಾರು. ಮೇಲಿನ ಲ್ಹೊತಾ, ಕೆಳಗಿನ ಲ್ಹೊತಾ, ಕೆಂಪು ಲ್ಹೊತಾ ಅಂತ ಗುರುತಿಗೆ ಒಂದೊಂದು ಪದ ಸೇರಿಸಿಕೊಂಡಿದ್ದಾರೆ.

ಹಳೆಯ ಜೆಕ್ ಭಾಷೆಯಲ್ಲಿ ಈ ಪದಕ್ಕೆ ‘ಭಾರ ಇಳಿಸುವುದು’ ಅಂತ ಅರ್ಥ. 13ನೇ ಶತಮಾನದ ಹೊತ್ತಿಗೆ ಜಮೀನುದಾರರಿಗೆ ಕಾಡು ಕಡಿಸಿ ಹೊಲ ಮಾಡಿಸುವ ಆಸೆ. ಆದರೆ ಮರ ಉರುಳಿಸಿ, ಬೊಡ್ಡೆ ಕಿತ್ತು, ಉತ್ತು ಬಿತ್ತಿ, ಮೊದಲ ಫಸಲು ಮನೆಗೆ ಬರುವಷ್ಟರಲ್ಲಿ ರೈತ ಹೈರಾಣಾಗಿರುತ್ತಾನೆ. ಅವನ ಹತ್ತಿರ ಆಗಲೇ ಗೇಣಿ ಕೇಳಿದರೆ ಯಾರು ಬರುತ್ತಾರೆ, ಅಲ್ವಾ? ಅದಕ್ಕೇ ಒಂದು ಕರಾರು: ಇಷ್ಟು ವರ್ಷ ಏನೂ ಕೊಡಬೇಕಾಗಿಲ್ಲ, ಸುಮ್ನೆ ಉಳುಮೆ ಮಾಡಿಕೊಂಡಿರಿ. ಆ ವಿನಾಯಿತಿಯೇ ಲ್ಹೊತಾ. ವಿನಾಯಿತಿ ಮುಗಿದು ಶತಮಾನಗಳೇ ಕಳೆದವು, ಹೆಸರು ಹಾಗೇ ಇದೆ. ಇವತ್ತಿಗೂ ಜೆಕ್ ಜನ ಗಡುವಿಗೆ ‘ಲ್ಹೂತಾ’ ಅನ್ನುತ್ತಾರೆ. ಎರಡೂ ಒಂದೇ ಪದ.

ಊಯೆಜ್ದ್ ಹೆಸರಿನ ಊರುಗಳೂ ಜಾಸ್ತಿ. ಕುದುರೆ ಏರಿ ಜಮೀನಿನ ಸುತ್ತ ಒಂದು ಸುತ್ತು ಬರುವುದು ಅಂತ ಅದರ ಅರ್ಥ. ಗೊರಸು ತುಳಿದ ದಾರಿಯೇ ಎಲ್ಲೆ. ಇನ್ನು ಕೆಲವು ಹೆಸರು ಪಕ್ಕದೂರಿನವರ ಕೀಟಲೆ. ಕೊಜೊಯೆದಿ ಅಂದರೆ ‘ಮೇಕೆ ತಿನ್ನುವವರು’!

[ತೆರೆಯ ಮೇಲೆ: ‘ಇತ್ಸೆ’]

ನನಗೆ ತುಂಬಾ ಇಷ್ಟವಾದದ್ದು ಹೆಸರಿನ ಕೊನೆಗೆ ಬರುವ ಈ ‘ಇತ್ಸೆ’. ಬುದ್ಯೆಯೊವಿತ್ಸೆ ಅಂದರೆ ಬುದಿವೊಯ್ ಎಂಬವನ ಕಡೆಯವರು. ಮೊದಲು ಜನಕ್ಕೆ ಇದ್ದ ಹೆಸರು, ಆಮೇಲೆ ಊರಿಗೆ ಬಂತು. ಅದಕ್ಕೇ ವ್ಯಾಕರಣದಲ್ಲಿ ಇಂಥ ಊರು ಈಗಲೂ ಬಹುವಚನ.

ಲಿದಿತ್ಸೆ ಕೂಡ ಇದೇ ಬಗೆಯ ಹೆಸರು. 1942ರ ಜೂನ್ 10ರಂದು ನಾಜಿಗಳು ಆ ಊರಿನ 173 ಗಂಡಸರನ್ನು ಗುಂಡಿಟ್ಟು ಕೊಂದರು. ತಾಯಂದಿರಿಂದ ಮಕ್ಕಳನ್ನು ಕಿತ್ತುಕೊಂಡರು. ಮನೆಗಳನ್ನು ಸುಟ್ಟು ನೆಲಸಮ ಮಾಡಿದರು. ಹೆಸರೂ ಉಳಿಯಬಾರದು ಅನ್ನುವುದೇ ಅವರ ಉದ್ದೇಶವಾಗಿತ್ತು. ಅದೇ ವರ್ಷ ಮೆಕ್ಸಿಕೋ ನಗರದ ಸಾನ್ ಹೆರೋನಿಮೋ ತನ್ನ ಹೆಸರಿಗೆ ಲಿದಿತ್ಸೆಯ ಹೆಸರು ಸೇರಿಸಿಕೊಂಡಿತು. ಅಮೆರಿಕದ ಇಲಿನಾಯ್‌ನಲ್ಲಿ ಒಂದು ಬಡಾವಣೆಯೂ ಅದೇ ಹೆಸರು ಇಟ್ಟುಕೊಂಡಿತು. ಯುದ್ಧ ಮುಗಿದ ಮೇಲೆ ಬದುಕುಳಿದ ಹೆಂಗಸರು ವಾಪಸ್ ಬಂದರು. ಹಳೆಯ ಊರಿನ ಪಕ್ಕದಲ್ಲೇ ಅವರಿಗಾಗಿ ಹೊಸ ಮನೆಗಳು ಎದ್ದವು. ಆ ಊರಿನ ಹೆಸರು ಇವತ್ತಿಗೂ ಲಿದಿತ್ಸೆ.