ಜುಲೈ ತಿಂಗಳಲ್ಲಿ ಕ್ರಿಸ್‌ಮಸ್

ಎಲ್ಲರಿಗೂ ನಮಸ್ಕಾರ.

1970ರ ದಶಕದ ಒಂದು ಜುಲೈ ಅಂದುಕೊಳ್ಳಿ. ದಕ್ಷಿಣ ಪೋಲೆಂಡಿನ ಬೆಟ್ಟದ ಊರು. ರೈತರೊಬ್ಬರ ಮನೆಯಲ್ಲಿ ಹೈಸ್ಕೂಲು ಮಕ್ಕಳು ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟಿದ್ದಾರೆ, ಸುತ್ತ ಕೂತು ಕ್ರಿಸ್‌ಮಸ್ ಹಾಡು ಹಾಡುತ್ತಿದ್ದಾರೆ. ಹೊರಗೆ ಸುಡುಬಿಸಿಲು.

ಇದು ಹುಡುಗಾಟ ಅಲ್ಲ. ಅವರ ಶಿಬಿರ 15 ದಿನದ್ದು. ಜಪಸರದಲ್ಲಿ ಆಗ ಇದ್ದದ್ದು 15 ರಹಸ್ಯ. ರಹಸ್ಯ ಅಂದರೆ ಜಪ ಮಾಡುವಾಗ ಧ್ಯಾನಿಸುವ, ಯೇಸು ಮತ್ತು ಮರಿಯಮ್ಮನವರ ಬಾಳಿನ ಒಂದೊಂದು ಘಟನೆ. ದಿನಕ್ಕೊಂದು ರಹಸ್ಯ. ಮೂರನೇ ದಿನ ಯೇಸುವಿನ ಜನನ, ಹತ್ತನೇ ದಿನ ಶಿಲುಬೆ, ಹನ್ನೊಂದನೇ ದಿನ ಪುನರುತ್ಥಾನ. ಇಡೀ ವರ್ಷದ ಹಬ್ಬಗಳನ್ನು ಎರಡು ವಾರದಲ್ಲಿ ಬದುಕಿಬಿಡುತ್ತಿದ್ದರು. ಈ ಶಿಬಿರಕ್ಕೆ ‘ಓಯಸಿಸ್’ ಎಂದು ಹೆಸರು. ಮರಳುಗಾಡಿನ ನೀರಿನ ಸೆಲೆ.

ಈ ಮಕ್ಕಳು ಪ್ರಾರ್ಥನೆಗೆಂದು ಬೆಟ್ಟಕ್ಕೆ ಯಾಕೆ ಬಂದರು? ಅದನ್ನು ಹೇಳಲು ಸ್ವಲ್ಪ ಹಿಂದೆ ಹೋಗಬೇಕು.

ಪೋಲೆಂಡಿನಲ್ಲಿ ಶಾಲೆಗೂ ಪ್ರಾರ್ಥನೆಗೂ ನಂಟು ಬಹಳ ಹಳೆಯದು. ಜೆಸ್ವಿಟ್ ಸಭೆಯ ಪಾದ್ರಿಗಳು ತಮ್ಮ ಶಾಲೆಗಳಲ್ಲಿ ಮರಿಯಮ್ಮನವರ ಹೆಸರಿನಲ್ಲಿ ವಿದ್ಯಾರ್ಥಿ ಸಂಘ ಕಟ್ಟುತ್ತಿದ್ದರು. ಅದೇ ಸೊಡಾಲಿಟಿ. ಮಂಗಳೂರು ಕಡೆಯ ಹಿರಿಯ ಕ್ಯಾಥೊಲಿಕರಿಗೆ ಈ ಪದ ಹೊಸದೇನಲ್ಲ. ಪೋಲೆಂಡಿನಲ್ಲಿ ಅದು 1571ರಲ್ಲೇ ಬ್ರಾನಿಯೆವೊ ಊರಿನಲ್ಲಿ ಶುರುವಾಯಿತು. ಮುಂದೆ ದೇಶ ನೆರೆಯ ಸಾಮ್ರಾಜ್ಯಗಳ ನಡುವೆ ಹರಿದು ಹಂಚಿಹೋಯಿತು. 1901ರಲ್ಲಿ, ಜರ್ಮನ್ ಆಳ್ವಿಕೆಯ ವ್ಜೆಶ್ನ್ಯಾದಲ್ಲಿ, ಧರ್ಮದ ಪಾಠವನ್ನು ಜರ್ಮನ್ ಭಾಷೆಯಲ್ಲಿ ಒಪ್ಪಿಸಲ್ಲ ಎಂದ ಮಕ್ಕಳಿಗೆ ಮೇಷ್ಟ್ರು ಬೆತ್ತದಲ್ಲಿ ಬಾರಿಸಿದರು. ಎಳೆ ಮಕ್ಕಳು! ಪ್ರಾರ್ಥನೆ ಅವರಿಗೆ ತಾಯ್ನುಡಿಯ ಪ್ರಶ್ನೆಯೂ ಆಗಿತ್ತು.

ಸ್ವಾತಂತ್ರ್ಯ ಬಂದ ಮೇಲೆ, ಜಕೊಪಾನೆಯಲ್ಲಿ ಧರ್ಮದ ಪಾಠ ಹೇಳುತ್ತಿದ್ದ ಪಾದ್ರಿ ಯೂಜೆಫ್ ವಿಂಕೊವ್ಸ್ಕಿ ಶಾಲಾ ಸೊಡಾಲಿಟಿಗಳನ್ನೆಲ್ಲ ಒಂದು ಒಕ್ಕೂಟಕ್ಕೆ ತಂದರು. ಆಮೇಲೆ ಯುದ್ಧ. ಅದರ ಹಿಂದೆಯೇ ಕಮ್ಯುನಿಸ್ಟ್ ಸರ್ಕಾರ. 1949ರ ಆಗಸ್ಟ್‌ನಲ್ಲಿ ಬಂದ ಒಂದು ಆದೇಶ ಇಂಥ ಸಂಘಗಳ ಕುತ್ತಿಗೆ ಹಿಸುಕಿತು. 1961ರ ಕಾನೂನು ಧರ್ಮದ ಪಾಠವನ್ನೇ ಶಾಲೆಯಿಂದ ಹೊರಗೆ ಹಾಕಿತು. ಮಕ್ಕಳು ಸಂಜೆ ಹೊತ್ತು ಚರ್ಚಿನ ಪಕ್ಕದ ಕೋಣೆಗಳಿಗೆ ಹೋಗಿ ಕಲಿಯತೊಡಗಿದರು.

ಇಲ್ಲಿ ಓಯಸಿಸ್ ಶುರು ಮಾಡಿದ ಫಾದರ್ ಫ್ರಾಂಚಿಶೆಕ್ ಬ್ಲಾಹ್ನಿತ್ಸ್ಕಿ ಬಗ್ಗೆ ನಾನು ಸ್ವಲ್ಪ ಜಾಸ್ತಿ ಹೇಳಲೇಬೇಕು. 1921ರಲ್ಲಿ ರಿಬ್ನಿಕ್‌ನಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ಸ್ಕೌಟ್. 1940ರಲ್ಲಿ ನಾಜಿಗಳು ಹಿಡಿದು ಆಶ್ವಿಟ್ಜ್ ಸೆರೆಶಿಬಿರಕ್ಕೆ ಹಾಕಿದರು. 14 ತಿಂಗಳು ಅಲ್ಲಿದ್ದರು. 1942ರಲ್ಲಿ ಮರಣದಂಡನೆ ವಿಧಿಸಿದರು. ಕಾತೊವಿತ್ಸೆ ಜೈಲಿನಲ್ಲಿ ಸಾವಿಗೆ ಕಾಯುತ್ತ ಕೂತಿದ್ದಾಗಲೇ ಅವರಿಗೆ ನಂಬಿಕೆ ಹುಟ್ಟಿತು. ಒಳಗೆ ಯಾರೋ ಸ್ವಿಚ್ ಹಾಕಿ ದೀಪ ಹೊತ್ತಿಸಿದ ಹಾಗಾಯಿತು ಎಂದು ಆಮೇಲೆ ಹೇಳಿಕೊಂಡರು. ತಲೆ ಉಳಿಯಿತು, ಶಿಕ್ಷೆ ಸೆರೆವಾಸಕ್ಕೆ ಇಳಿಯಿತು. 1950ರಲ್ಲಿ ಪಾದ್ರಿಯಾದರು. 1961ರಲ್ಲಿ ಮತ್ತೆ ಅದೇ ಊರಿನ ಜೈಲು ಕಂಡರು. ಈ ಸಲ ಕಮ್ಯುನಿಸ್ಟರಿಂದ.

ಓಯಸಿಸ್ ಚಳವಳಿಯ ಬೀಜ ಬಿದ್ದದ್ದು 1954ರಲ್ಲಿ, ಪೂಜೆಗೆ ನೆರವಾಗುವ ಹುಡುಗರ ಒಂದು ಸಣ್ಣ ಶಿಬಿರದಲ್ಲಿ. ಸ್ಕೌಟಿನ ರೀತಿಯೇ: ಸಣ್ಣ ಸಣ್ಣ ಗುಂಪು, ಕಾಡು, ಆಟ, ಬೈಬಲ್. ಕೂತು ಕೇಳುವ ಪಾಠ ಕಡಿಮೆ. ದುನಾಯೆತ್ಸ್ ನದಿ ದಂಡೆಯ ಕ್ರೊಶ್ಚೆಂಕೊ ಅದರ ಮನೆಯಾಯಿತು. ಚಳವಳಿಗೆ ಮುಂದೆ ‘ಬೆಳಕು-ಬಾಳು’ ಎಂಬ ಹೆಸರು ಬಂತು. ಶಿಬಿರಕ್ಕೆ ಸರ್ಕಾರ ಅನುಮತಿ ಕೊಡುತ್ತಿರಲಿಲ್ಲ. ಹಾಗಾಗಿ ಮಕ್ಕಳು ರೈತರ ಮನೆಗಳಲ್ಲಿ, ಅಟ್ಟದಲ್ಲಿ, ಹುಲ್ಲಿನ ಕಣಜದಲ್ಲಿ ಮಲಗುತ್ತಿದ್ದರು. ಜಾಗ ಕೊಟ್ಟ ರೈತರಿಗೆ ದಂಡ ಬೀಳುತ್ತಿತ್ತು. ಮುಂದಿನ ಬೇಸಿಗೆಗೆ ಮತ್ತೆ ಬಾಗಿಲು ತೆರೆಯುತ್ತಿದ್ದರು. ನನ್ನ ಕಣ್ಣಿಗೆ ಈ ಕತೆಯ ದೊಡ್ಡವರು ಆ ಬೆಟ್ಟದ ರೈತರೇ.

1972ರ ಆಗಸ್ಟ್ 16ರಂದು ಬ್ಲಿಶ್ಚ್ ಬೆಟ್ಟದ ಮೇಲೆ ಈ ಮಕ್ಕಳಿಗಾಗಿ ಕ್ರಾಕೊವ್‌ನ ಕಾರ್ಡಿನಲ್ ಬಲಿಪೂಜೆ ಅರ್ಪಿಸಿದರು. ಅವರು ಕರೋಲ್ ವೊಯ್ತಿವಾ. ಆರು ವರ್ಷದ ನಂತರ ಪೋಪ್ ಎರಡನೇ ಜಾನ್ ಪಾಲ್ ಆದವರು.

ಶಾಲೆ ಮಾತ್ರ ಸುಮ್ಮನಿರಲಿಲ್ಲ. 1984ರ ಮಾರ್ಚ್‌ನಲ್ಲಿ ಗರ್ವೊಲಿನ್ ಹತ್ತಿರದ ಮಿಯೆಂತ್ನೆ ಕೃಷಿ ಶಾಲೆಯಲ್ಲಿ, ಗೋಡೆಯ ಶಿಲುಬೆ ತೆಗೆದದ್ದಕ್ಕೆ ವಿದ್ಯಾರ್ಥಿಗಳು ಧರಣಿ ಕೂತರು. ಪೊಲೀಸರು ಸುತ್ತುವರಿದರು. ಬಿಷಪ್ ಯಾನ್ ಮಜೂರ್ ಅವರು ಬರೀ ಬ್ರೆಡ್ಡು ನೀರಿನ ಮೇಲೆ ಉಪವಾಸ ಹಿಡಿದರು. ಏಪ್ರಿಲ್‌ನಲ್ಲಿ ರಾಜಿಯಾಯಿತು. ಹದಿನಾರು ಹದಿನೇಳರ ಹುಡುಗರ ಧೈರ್ಯ ಅದು.

1990ರ ಸೆಪ್ಟೆಂಬರ್‌ನಲ್ಲಿ ಧರ್ಮದ ಪಾಠ ಶಾಲೆಗೆ ಮರಳಿತು. ಎಲ್ಲರೂ ಗೆದ್ದೆವು ಅಂದರು. ನನಗೆ ಅಷ್ಟು ಸಲೀಸಾಗಿ ಹಾಗನ್ನಲು ಆಗುವುದಿಲ್ಲ. ಟೈಮ್‌ಟೇಬಲ್ಲಿನ ಪಾಠಕ್ಕೂ ಮಕ್ಕಳು ತಾವಾಗಿ ಹುಡುಕಿಕೊಂಡು ಹೋದ ಬೆಟ್ಟಕ್ಕೂ ವ್ಯತ್ಯಾಸ ಇದೆ, ಅಲ್ವಾ? 2025ರ ಸೆಪ್ಟೆಂಬರ್‌ನಿಂದ ಆ ಪಾಠ ವಾರಕ್ಕೆ ಒಂದೇ ಗಂಟೆ. ಅದರ ಮೇಲೂ ಈಗ ಅಲ್ಲಿ ಜಗಳ ನಡೆದಿದೆ.

ಬ್ಲಾಹ್ನಿತ್ಸ್ಕಿ 1987ರಲ್ಲಿ ಜರ್ಮನಿಯ ಕಾರ್ಲ್ಸ್‌ಬರ್ಗ್‌ನಲ್ಲಿ ತೀರಿಕೊಂಡರು. ಅದು ವಿಷ ಹಾಕಿ ಮಾಡಿದ ಕೊಲೆ ಎಂದು 2023ರಲ್ಲಿ ಪೋಲೆಂಡಿನ ತನಿಖಾಧಿಕಾರಿಗಳು ಹೇಳಿದರು. 2000ದಲ್ಲೇ ಅವರ ಅವಶೇಷಗಳನ್ನು ಕ್ರೊಶ್ಚೆಂಕೊಗೆ ತಂದು ಚರ್ಚಿನಲ್ಲಿ ಇಟ್ಟಿದ್ದಾರೆ. ಓಯಸಿಸ್ ಶಿಬಿರಗಳು ಇಂದಿಗೂ ನಡೆಯುತ್ತಿವೆ. ಮೂರನೇ ದಿನ ಬಂತೆಂದರೆ, ನಡು ಬೇಸಿಗೆಯಲ್ಲೇ ಕ್ರಿಸ್‌ಮಸ್ ಹಾಡು.