ಪರೀಕ್ಷೆ ಬೇಡ, ಆಟ ಆಡೋಣ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಗೆ ನೆಂಟರು ಬಂದರೆ ಸಾಕು, ಮೂರು ವರ್ಷದ ಮಗುವನ್ನು ಹಾಲ್ ಮಧ್ಯೆ ನಿಲ್ಲಿಸಿ, "ಪುಟ್ಟಾ, ಅಂಕಲ್‌ಗೆ ರೈಮ್ಸ್ ಹೇಳು" ಅನ್ನುತ್ತೇವೆ. ಮಗು ಅಂಗಿಯ ಅಂಚು ಕಚ್ಚುತ್ತಾ ಸುಮ್ನೆ ನಿಲ್ಲುತ್ತದೆ. ಪದ್ಯವನ್ನೇ ಪರೀಕ್ಷೆ ಮಾಡಿಬಿಟ್ಟರೆ ಅದಾದರೂ ಏನು ಮಾಡೀತು?

ಅದೇ ಮಗುವನ್ನು ಅಜ್ಜಿ ಪಕ್ಕ ಕೂರಿಸಿ. ಎಲ್ಲರೂ ಕೈಗಳನ್ನು ನೆಲದ ಮೇಲೆ ಹರಡಬೇಕು. "ಅವಲಕ್ಕಿ ಪವಲಕ್ಕಿ, ಕಾಂಚನ ಮಿಣಮಿಣ, ಡಾಂ ಡೂಂ, ಟಸ್ ಪುಸ್..." ಒಂದೊಂದು ಮಾತಿಗೆ ಅಜ್ಜಿಯ ಬೆರಳು ಒಂದೊಂದು ಕೈ ಮುಟ್ಟುತ್ತದೆ. ಕೊನೆಯ ಮಾತು ಬಿದ್ದ ಕೈ ಔಟು! ಎರಡನೇ ಸುತ್ತಿಗೆ ಮಗು "ನಾನೇ ಎಣಿಸ್ತೀನಿ" ಅನ್ನುತ್ತದೆ. ನಡುವೆ ಯಾರಾದರೂ ಒಂದು ಮಾತು ನುಂಗಿದರೋ, ಜಗಳ ಗ್ಯಾರಂಟಿ. ಲಯ ಅಂದರೆ ಏನೆಂದು ಅದಕ್ಕೆ ಯಾರೂ ಪಾಠ ಮಾಡಿಲ್ಲ. ಆದರೂ ತಾಳ ತಪ್ಪಿದ್ದು ಮೊದಲು ಗೊತ್ತಾಗುವುದು ಅದಕ್ಕೇ. ಪವಲಕ್ಕಿ ಅಂದರೇನು ಅಂತ ಯಾವ ಮಗುವೂ ಕೇಳುವುದಿಲ್ಲ. ನಾವೂ ಕೇಳಿರಲಿಲ್ಲ, ಅಲ್ವಾ?

ಪಂಜೆ ಮಂಗೇಶರಾಯರಿಗೆ ಈ ಗುಟ್ಟು ಗೊತ್ತಿತ್ತು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದವರು, ಮೇಷ್ಟ್ರಾಗಿ ಮಕ್ಕಳ ನಡುವೆ ಬದುಕಿದವರು. ಅವರ ನಾಗರಹಾವಿನ ಪದ್ಯದಲ್ಲಿ ಹಾವನ್ನು "ಬಾ ಬಾ ಬಾ ಬಾ" ಅಂತ ಕರೆಯುವುದಿದೆ, ಕೊನೆಗೆ "ಪೋ ಪೋ" ಅಂತ ಕಳಿಸುವುದೂ ಇದೆ. ಮನೆಯಲ್ಲಿರುವ ಒಂದು ಟವೆಲ್ ಹಾವಾಗಲಿ. ಬಾ ಬಾ ಅನ್ನುವಾಗ ಮೆಲ್ಲಗೆ ಎಳೆಯಿರಿ. ಪೋ ಪೋ ಅನ್ನುವಾಗ ಮಂಚದ ಕೆಳಗೆ ಓಡಿಸಿ. ಪದ್ಯದಲ್ಲಿ ಬರುವ "ಠಾವು" ಅಂದರೇನು ಅಂತ ಮಗು ಕೇಳಿದರೆ, ಇರುವ ಜಾಗ ಅಂತ ಹೇಳಿ. ಕೇಳದಿದ್ದರೆ ಬಿಡಿ. ಹಾವು ಓಡಾಡುತ್ತಿರುವಾಗ ಅರ್ಥ ಬಿಡಿಸುತ್ತಾ ಕೂರುವುದು ನನಗಂತೂ ಸರಿ ಕಾಣುವುದಿಲ್ಲ.

ಜಿ.ಪಿ. ರಾಜರತ್ನಂ ಅವರ ನಾಯಿಮರಿ ಪದ್ಯವಂತೂ ಪುಟ್ಟ ನಾಟಕ. ಯಜಮಾನ ಕೇಳುತ್ತಾನೆ, ನಾಯಿಮರಿ ಉತ್ತರ ಕೊಡುತ್ತದೆ. ಕಳ್ಳ ಬಂದರೆ ಏನು ಮಾಡುತ್ತೀಯ ಅಂದಾಗ ಬರುವ "ಲೊಳ್ ಲೊಳ್ ಬೌ"ಗಾಗಿ ಮಕ್ಕಳು ಮೊದಲ ಸಾಲಿನಿಂದಲೇ ಕಾದಿರುತ್ತಾರೆ. ನಾಚಿಕೆಯ ಮಗುವಿಗೆ ಬರೀ ಆ ಬೊಗಳುವ ಪಾತ್ರ ಕೊಟ್ಟರೂ ಸಾಕು. ಮಿಕ್ಕ ಸಾಲುಗಳು ತಾವಾಗಿಯೇ ಬಾಯಿಗೆ ಬರುತ್ತವೆ.

ಆಮೇಲೆ ಬರುವುದು ಪದ್ಯ ಕೆಡಿಸುವ ಆಟ. "ಒಂದು ಎರಡು, ಬಾಳೆಲೆ ಹರಡು" ಎಲ್ಲರಿಗೂ ಗೊತ್ತು. "ಐದು ಆರು" ಅಂತ ಹೇಳಿ ನಿಲ್ಲಿಸಿಬಿಡಿ. ಬೇಳೆ ಸಾರಿನ ಜಾಗಕ್ಕೆ "ಅಪ್ಪನ ಕಾರು" ಬರಬಹುದು. "ಏಳು ಎಂಟು" ಅಂದರೆ "ಕೂದಲು ಗಂಟು" ಅನ್ನಬಹುದು, ಅದೂ ಅಮ್ಮ ತಲೆ ಬಾಚುತ್ತಿರುವಾಗಲೇ. ದಯವಿಟ್ಟು ತಿದ್ದಬೇಡಿ. ಅದು ಮಗು ಕಟ್ಟಿದ ಮೊದಲ ಪ್ರಾಸ. ಫೋನಿನಲ್ಲಿ ಹಾಡು ಹಾಕಿಕೊಟ್ಟರೆ ಈ ಸುಖ ಸಿಗುವುದಿಲ್ಲ. ಫೋನು ಮಗುವಿಗಾಗಿ ಅರ್ಧಕ್ಕೆ ನಿಂತು ಕಾಯುವುದಿಲ್ಲ. ಅಪ್ಪನ ಕಾರಿಗೆ ನಗುವುದೂ ಇಲ್ಲ.

ಇದಕ್ಕೆಂದು ಬೇರೆ ಹೊತ್ತು ಹುಡುಕಬೇಕಿಲ್ಲ. ಸ್ನಾನ ಮಾಡಿಸುವಾಗ, ಬಸ್ಸಿಗೆ ಕಾಯುವಾಗ, ಕರೆಂಟು ಹೋದಾಗ ಆಡಿದರಾಯಿತು. ಒಂದು ಕಷ್ಟ ಮಾತ್ರ ಇದೆ. ಮಗು ಅದೇ ಪದ್ಯವನ್ನು "ಇನ್ನೊಂದ್ಸಲ, ಇನ್ನೊಂದ್ಸಲ" ಅಂತ ಕೇಳುತ್ತಲೇ ಇರುತ್ತದೆ. ನಿಮಗೆ ಸಾಕಾದಾಗ ಪಾತ್ರ ಬದಲಿಸಿ. ಯಜಮಾನಿಕೆ ಮಗುವಿಗೆ ಕೊಟ್ಟು, ಬೊಗಳುವ ಕೆಲಸ ನೀವು ತೆಗೆದುಕೊಳ್ಳಿ.

ನಮಸ್ಕಾರ.